60 ಅಡಿ ಗೋಡೆಯಲ್ಲಿ ನಮ್ಮ ಹಲಸೂರು

“ಅಜ್ಜೀ, ನಮ್ ಸ್ಕೂಲ್ ಕಾಂಪೌಂಡ್ ಮೇಲೆ ಕಲ್ಲಿನ ರಥ ಬರೀತಾರಂತೆ! ಐವತ್ತು ರೂಪಾಯಿ ನೋಟಲ್ಲಿ ಇರುತ್ತಲ್ಲ, ಅದೇ!”

2024ರ ಜನವರಿಯ ಒಂದು ಸಂಜೆ. ಆಗ ಐದನೇ ಕ್ಲಾಸಿನಲ್ಲಿದ್ದ ನನ್ನ ಮೊಮ್ಮಗ ಬ್ಯಾಗನ್ನು ಸೋಫಾದ ಮೇಲೆ ಎಸೆದು ಈ ಸುದ್ದಿ ಹೇಳಿದ. ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ.

“ಹಂಪಿ ರಥ ಚೆನ್ನಾಗೇ ಇರುತ್ತೆ. ಆದ್ರೆ ಹಲಸೂರಿನ ಸ್ಕೂಲಿಗೆ ಹಲಸೂರಿಂದೇ ಏನಾದ್ರೂ ಬರೀಬಹುದಲ್ವೇನೋ?” ಎಂದೆ.

“ಹಲಸೂರಲ್ಲಿ ಏನಿದೆ ಅಜ್ಜಿ? ಇತಿಹಾಸ ಎಲ್ಲಾ ಹಂಪಿ, ಮೈಸೂರಲ್ಲಿ ಅಲ್ವಾ ಇರೋದು?”

ಅವರೆಕಾಯಿ ಕೈಯಲ್ಲೇ ಉಳಿಯಿತು. ನಮ್ಮ ಮನೆಯವರು ನಾಲ್ಕು ತಲೆಮಾರಿನಿಂದ ಹಲಸೂರಿನಲ್ಲಿದ್ದಾರೆ. ನಾನು 31 ವರ್ಷ ಸಮಾಜ ಪಾಠ ಮಾಡಿದವಳು. ಪಾಣಿಪತ್ ಕದನಗಳ ಇಸವಿಯನ್ನು ನೂರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಹೀಗಿದ್ದೂ ನನ್ನ ಮೊಮ್ಮಗನಿಗೇ ತಾನು ದಿನಾ ನಡೆಯುವ ಬೀದಿಗೊಂದು ಕಥೆಯಿದೆ ಎಂದು ಗೊತ್ತಿಲ್ಲ. ತಪ್ಪು ಅವನದಲ್ಲ. ನಾನು ಹೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಜೊತೆಗೇ ಶಾಲೆಗೆ ಹೊರಟೆ.

ಪೇಂಟರ್ ತಾತ

ಕಾಂಪೌಂಡ್ ಗೋಡೆ 60 ಅಡಿ ಉದ್ದ, 6 ಅಡಿ ಎತ್ತರ. ಅದರ ಮುಂದೆ ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ಹಿರಿಯ ಪೇಂಟರ್ ನಿಂತಿದ್ದರು. ಪೇಂಟರ್ ಕೈಯಲ್ಲಿ ಒಂದು ಹಳೆಯ ಆಲ್ಬಂ. ಕಲ್ಲಿನ ರಥ, ಮೈಸೂರು ಅರಮನೆ, ಜೋಗದ ಗುಂಡಿ, ಹುಲಿ, ಯಕ್ಷಗಾನದ ವೇಷ, ಎಲ್ಲದರ ಫೋಟೋ ಅದರಲ್ಲಿತ್ತು.

“ಇವನ್ನೆಲ್ಲ ನಾನು ಬೆಂಗಳೂರಿನ ಗೋಡೆಗಳ ಮೇಲೆ ಬರೆದಿದ್ದೀನಿ ಮೇಡಂ” ಎಂದರು.

ಮಕ್ಕಳೇ, ನಿಮ್ಮ ಮನೆಯ ದೊಡ್ಡವರಿಗೆ ಆ ಗೋಡೆಗಳ ನೆನಪಿರಬಹುದು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮುಖ್ಯರಸ್ತೆಗಳ ಗೋಡೆಗಳಿಗೆ ಚಿತ್ರ ಬರೆಸಲು ಶುರು ಮಾಡಿತು. ಗೋಡೆಗೆ ಪೋಸ್ಟರ್ ಅಂಟಿಸಬಾರದು, ಜನ ಗಲೀಜು ಮಾಡಬಾರದು ಎಂಬುದು ಉದ್ದೇಶ. ಆ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ಹಿಂದೆ ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು ಬರೆಯುತ್ತಿದ್ದವರು.

ನಮ್ಮ ಪೇಂಟರ್ ತಾತನೂ ಅವರಲ್ಲಿ ಒಬ್ಬರು. ಹುಡುಗನಾಗಿದ್ದಾಗಲೇ ಶಿವಾಜಿನಗರದ ಒಂದು ಬ್ಯಾನರ್ ಅಂಗಡಿಗೆ ಸೇರಿದರಂತೆ. ಮೊದಲ ಎರಡು ವರ್ಷ ಬರೀ ಬ್ರಶ್ ತೊಳೆಯುವುದು, ಬಟ್ಟೆಗೆ ಚೌಕ ಹಾಕುವುದು. ಆಮೇಲೆ ಹೀರೋಗಳ ಅಂಗಿ, ಪ್ಯಾಂಟು. ಮುಖ ಬರೆಯಲು ಬಿಟ್ಟಿದ್ದು ಏಳನೇ ವರ್ಷದಲ್ಲಿ. “ರಾಜ್‌ಕುಮಾರ್ ಅವರ ಮೂಗನ್ನ ಈಗಲೂ ಕಣ್ಣು ಮುಚ್ಕೊಂಡು ಬರೀತೀನಿ” ಎಂದು ನಕ್ಕರು. ಆಮೇಲೆ ಕಂಪ್ಯೂಟರಿನಿಂದ ಅಚ್ಚಾಗುವ ಫ್ಲೆಕ್ಸ್ ಬಂತು. ಇವರು ಒಂದು ವಾರ ಬರೆಯುವ ಬ್ಯಾನರ್ ಒಂದು ಗಂಟೆಯಲ್ಲಿ ತಯಾರು. ಅಂಗಡಿ ಮುಚ್ಚಿತು. ಒಂದಷ್ಟು ಕಾಲ ರಾತ್ರಿ ವಾಚ್‌ಮನ್ ಕೆಲಸ ಮಾಡಿದರು. ಪಾಲಿಕೆಯ ಗೋಡೆಗಳು ಅವರ ಕೈಗೆ ಮತ್ತೆ ಬ್ರಶ್ ಕೊಟ್ಟವು.

“ಹಲಸೂರಿನ ಚಿತ್ರ ಏನಾದರೂ ಬರೆದಿದ್ದೀರಾ?” ಎಂದು ಕೇಳಿದೆ.

ತಾತ ಆಲ್ಬಂ ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. “ನಾನು ಹುಟ್ಟಿದ್ದೇ ಹಲಸೂರಲ್ಲಿ ಮೇಡಂ. ಆದ್ರೆ ಯಾರೂ ಕೇಳಲಿಲ್ಲ.”

ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. “ಹಾಗಾದ್ರೆ ನೀವೇ ಮಕ್ಕಳನ್ನ ಕೂರಿಸಿಕೊಂಡು ಏನು ಬರೀಬೇಕು ಅಂತ ಹೇಳಿ ಮೇಡಂ. ಬೇಸಿಗೆ ರಜದೊಳಗೆ ಮುಗಿದರೆ ಸಾಕು” ಎಂದರು. ತಾತ ಹೆಜ್ಜೆ ಹಾಕಿ ಅಳೆದರು. ಹತ್ತು ಹತ್ತು ಅಡಿಯಂತೆ ಆರು ಚಿತ್ರ.

ಗೋಡೆಯ ಮೇಲಿನ ಯುದ್ಧ

ಐದನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಮೊದಲ ದಿನ ಎರಡು ಊರಿನ ಕಥೆ ಹೇಳಿದೆ. ಒಂದು ಹತ್ತಿರದ್ದು, ಒಂದು ಬಹಳ ದೂರದ್ದು.

ಹತ್ತಿರದ್ದು ಶ್ರೀರಂಗಪಟ್ಟಣ. ಅಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಎಂಬ ಬೇಸಿಗೆ ಅರಮನೆಯಿದೆ. ಅದರ ಪಶ್ಚಿಮದ ಹೊರಗೋಡೆಯ ತುಂಬ ಒಂದು ಯುದ್ಧದ ಚಿತ್ರ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಇಂಗ್ಲಿಷರ ಪಡೆಯನ್ನು ಸೋಲಿಸಿತ್ತು. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಕರ್ನಲ್ ಬೈಲಿ, ಸಿಡಿಯುವ ಮದ್ದಿನ ಗಾಡಿ, ಸಾಲು ಸಾಲು ಕುದುರೆ ಎಲ್ಲವೂ ಆ ಗೋಡೆಯಲ್ಲಿವೆ.

ಆ ಗೋಡೆಗೆ ಬಂದ ಕಷ್ಟ ಕೇಳಿ. 1799ರ ಮುತ್ತಿಗೆಗೆ ಮೊದಲು ಚಿತ್ರಗಳನ್ನು ಅಳಿಸಲಾಗಿತ್ತು. ಟಿಪ್ಪು ಮಡಿದ ಮೇಲೆ ಅಲ್ಲಿ ವಾಸಕ್ಕೆ ಬಂದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿ ಮಾಡಿಸಿದ. ಅದೂ ತನ್ನ ಕಡೆಯವರೇ ಸೋತ ಚಿತ್ರವನ್ನು! ಆಮೇಲೆ ಮತ್ತೆ ಅದರ ಮೇಲೆ ಸುಣ್ಣ ಬಿತ್ತು. ಸುಮಾರು ಅರ್ಧ ಶತಮಾನದ ನಂತರ ಗವರ್ನರ್ ಜನರಲ್ ಡಾಲ್‌ಹೌಸಿ ನೋಡಲು ಬಂದಾಗ ಮತ್ತೆ ಬರೆಸಿದ. ಬರೆದವನು ಮೊದಲಿನ ಚಿತ್ರ ಹೇಗಿತ್ತೆಂದು ನೆನಪಿಟ್ಟುಕೊಂಡಿದ್ದ ಈ ನೆಲದ ಒಬ್ಬ ಚಿತ್ರಕಾರ.

“ಅವನಿಗೆ ಮರೆತು ಹೋಗಿದ್ರೆ?” ಎಂದು ಒಬ್ಬ ಹುಡುಗ ಕೇಳಿದ. “ಆಗ ಬರೀ ಬಿಳಿ ಗೋಡೆ ಇರ್ತಿತ್ತು” ಎಂದೆ.

ದೂರದ ಊರು ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿದೆ. ಹೆಸರು ಶೆಮೇನಸ್. ಮರ ಕೊಯ್ಯುವ ಮಿಲ್ಲನ್ನೇ ನಂಬಿದ್ದ ಪುಟ್ಟ ಊರು. 1982ರಲ್ಲಿ ಅವರು ಊರಿನ ಗೋಡೆಗಳ ಮೇಲೆ ಊರಿನ ಕಥೆಯನ್ನೇ ಬರೆಸಲು ಶುರು ಮಾಡಿದರು. ಮರುವರ್ಷ ಮಿಲ್ಲು ಮುಚ್ಚಿತು. ಊರು ಮಾತ್ರ ಖಾಲಿಯಾಗಲಿಲ್ಲ. ಈಗ ಅಲ್ಲಿ 40ಕ್ಕೂ ಹೆಚ್ಚು ಗೋಡೆಚಿತ್ರಗಳಿವೆ. ಮರ ಕಡಿಯುವವರು, ಉಗಿಬಂಡಿ, ಅಲ್ಲಿನ ಮೂಲನಿವಾಸಿಗಳು, ದಿನಸಿ ಅಂಗಡಿಯ ಚೀನೀಯ, ಎಲ್ಲರೂ ಗೋಡೆಯ ಮೇಲಿದ್ದಾರೆ. ಅವರನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ.

“ಅಂದ್ರೆ ರಾಜರನ್ನೇ ಬರೀಬೇಕು ಅಂತಿಲ್ಲ” ಎಂದಳು ಮುಂದಿನ ಸಾಲಿನ ಹುಡುಗಿ.

“ಇಲ್ಲ. ನಿಮ್ಮ ಮನೆಗೆ ಹೋಗಿ ಕೇಳಿ. ಅಜ್ಜ, ಅಜ್ಜಿ, ಪಾಟಿ, ದಾದಿ, ಯಾರಿದ್ದರೆ ಅವರನ್ನು ಕೇಳಿ. ನಾವು ಇಲ್ಲಿಗೆ ಬಂದಿದ್ದು ಹೇಗೆ ಅಂತ.”

ಐದು ಚಿತ್ರ, ಐದು ಕಥೆ

ಒಂದು ವಾರದಲ್ಲಿ ಮಕ್ಕಳು ತಂದ ಕಥೆಗಳಿಂದ ನನ್ನ ನೋಟ್‌ಬುಕ್ಕು ತುಂಬಿತು. ನಾನು ಓದಿ ತಿಳಿದಿದ್ದನ್ನೂ ಸೇರಿಸಿದೆ.

ಮೊದಲನೆಯದಕ್ಕೆ ಜಗಳವೇ ಇರಲಿಲ್ಲ. ಹಲಸಿನ ಮರ. ಇಲ್ಲಿ ಹಿಂದೆ ಹಲಸಿನ ತೋಪಿತ್ತು, ಅದರಿಂದಲೇ ಹಲಸೂರು ಎಂಬ ಹೆಸರು ಬಂತು ಎನ್ನುತ್ತಾರೆ. ಇಂಗ್ಲಿಷರ ನಾಲಿಗೆಯಲ್ಲಿ ಅದು ‘ಅಲ್ಸೂರು’ ಆಯಿತು. ಮರದ ಹಿಂದೆ ಸೋಮೇಶ್ವರ ದೇವಸ್ಥಾನ. ಯಲಹಂಕದ ಪ್ರಭು ಜಯಪ್ಪಗೌಡರು ಬೇಟೆಗೆ ಬಂದು ಮರದ ಕೆಳಗೆ ಮಲಗಿದ್ದಾಗ ಕನಸಿನಲ್ಲಿ ನಿಧಿಯ ಸುಳಿವು ಸಿಕ್ಕಿ, ಅದರಿಂದ ಗುಡಿ ಕಟ್ಟಿಸಿದರೆಂಬುದು ಐತಿಹ್ಯ. ಮಕ್ಕಳನ್ನು ದೇವಸ್ಥಾನಕ್ಕೂ ಕರೆದುಕೊಂಡು ಹೋಗಿದ್ದೆ. ಕಲ್ಲಿನಲ್ಲಿ ಕೆತ್ತಿದ ಗಿರಿಜಾ ಕಲ್ಯಾಣ, ಕೈಲಾಸ ಪರ್ವತ ಎತ್ತುತ್ತಿರುವ ರಾವಣ ಎಲ್ಲವನ್ನೂ ತೋರಿಸಿದೆ. “ಇದೂ ಗೋಡೆಚಿತ್ರಾನೇ, ಬಣ್ಣ ಇಲ್ಲ ಅಷ್ಟೇ” ಎಂದ ನನ್ನ ಮೊಮ್ಮಗ.

ಎರಡನೆಯದು ಕೆರೆ ಮತ್ತು ಕೆಂಪೇಗೌಡರ ಗೋಪುರ. ಬೆಂಗಳೂರಿನ ನಾಲ್ಕು ದಿಕ್ಕಿನಲ್ಲಿ ಇಂಥ ನಾಲ್ಕು ಹಳೆಯ ಗೋಪುರಗಳಿವೆ. ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಮೂರು. ನಾಲ್ಕನೆಯದು ನಮ್ಮ ಹಲಸೂರು ಕೆರೆಯ ಹತ್ತಿರ. ಊರು ಇಷ್ಟರವರೆಗೆ ಬೆಳೆಯಬಹುದು ಎಂದು ಗುರುತು ಹಾಕಿದ್ದರಂತೆ. ಈಗ ಊರು ಗೋಪುರ ದಾಟಿ, ಇಂದಿರಾನಗರ ದಾಟಿ, ಕೆ.ಆರ್. ಪುರವನ್ನೂ ದಾಟಿ ಹೋಗಿದೆ.

ಮೂರನೆಯದು ದಂಡು. ದಂಡು ಎಂದರೆ ಸೈನ್ಯ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಸೈನಿಕರು ಸೊಳ್ಳೆ, ಜ್ವರಕ್ಕೆ ಬೇಸತ್ತಿದ್ದರು. ಸೈನ್ಯ ಬೆಂಗಳೂರಿನ ತಂಪು ಹವೆಗೆ ಬಂತು. 1807ರಲ್ಲಿ ಹಲಸೂರಿನಲ್ಲಿ ನೆಲೆ ಹಾಕಿ, 1809ರಲ್ಲಿ ಕ್ಯಾಂಟೋನ್ಮೆಂಟ್ ಶುರು ಮಾಡಿದರು. ಹೊಸ ಹೆಸರು ಬಾಯಿಗೆ ಹೊರಳದ ನಮ್ಮವರು ‘ದಂಡು’ ಎಂದೇ ಕರೆದರು. ಇವತ್ತಿಗೂ ಅಲ್ಲಿನ ರೈಲು ನಿಲ್ದಾಣ ನಮಗೆ ದಂಡು ಸ್ಟೇಷನ್ನೇ.

ಇಲ್ಲಿ ಕುದುರೆಯ ಮೇಲೆ ಕೂತ ದೊರೆಯನ್ನು ಬರೆಯೋಣ ಎಂದಿದ್ದೆ. ಆದರೆ ಒಬ್ಬ ಹುಡುಗ ಎದ್ದು ನಿಂತ. ಅವನ ಮನೆಮಾತು ತಮಿಳು. “ನಮ್ಮ ಪಾಟಿಯ ತಾತಾನ ತಾತ ಮದ್ರಾಸ್ ಕಡೆಯಿಂದ ಸೈನ್ಯದ ಹಿಂದೇನೇ ಬಂದರಂತೆ ಮಿಸ್. ಸೋಲ್ಜರ್‌ಗಳ ಬಟ್ಟೆ ಒಗೀತಿದ್ರಂತೆ” ಎಂದ. ಹೌದಲ್ಲ! ದಂಡಿನ ಜೊತೆ ಅಡಿಗೆಯವರು, ಅಗಸರು, ಗಾರೆ ಕೆಲಸದವರು, ದಿನಸಿ ಮಾರುವವರು ಬಂದರು. ಹಲಸೂರು, ಶಿವಾಜಿನಗರದ ಬೀದಿಗಳಲ್ಲಿ ಇವತ್ತೂ ಕನ್ನಡ, ತಮಿಳು, ಉರ್ದು, ತೆಲುಗು ಒಟ್ಟಿಗೆ ಕೇಳಿಸುವುದಕ್ಕೆ ಅದೂ ಒಂದು ಕಾರಣ. ಕೊನೆಗೆ ಆ ಚಿತ್ರದಲ್ಲಿ ಬಟ್ಟೆ ಒಗೆಯುವವರು ಮುಂದೆ ನಿಂತರು. ದೊರೆ ಹಿಂದೆ ಎಲ್ಲೋ ಹೆಬ್ಬೆರಳಿನಷ್ಟಾದ.

ನಾಲ್ಕನೆಯದು ರೈಲು. 1864ರ ಆಗಸ್ಟ್ 1ರಂದು ದಂಡು ಸ್ಟೇಷನ್ನಿನಿಂದ ಜೋಲಾರ್‌ಪೇಟೆಗೆ ರೈಲು ಓಡಿತು. ಆಗಿನ ಮೈಸೂರು ಸಂಸ್ಥಾನಕ್ಕೆ ಬಂದ ಮೊದಲ ರೈಲುಮಾರ್ಗ ಅದು. ಶಿವಾಜಿನಗರದ ಹುಡುಗನೊಬ್ಬ ತನ್ನ ದಾದಾ ಆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದರೆಂದು ಹೇಳಿ, ಅವರ ಹಳೆಯ ಚಾವಟಿಯನ್ನೇ ತಂದು ತೋರಿಸಿದ. ರೈಲಿನ ಪಕ್ಕದಲ್ಲಿ ಜಟಕಾಕ್ಕೂ ಜಾಗ ಸಿಕ್ಕಿತು. ಅದೇ ಹುಡುಗ ಶಿವಾಜಿನಗರಕ್ಕೆ ಹಿಂದೆ ‘ಬ್ಲ್ಯಾಕ್‌ಪಳ್ಳಿ’ ಎಂಬ ಹೆಸರಿತ್ತೆಂದೂ ಕೇಳಿಕೊಂಡು ಬಂದಿದ್ದ. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿ ಅಕ್ಕಿ ಪಳ್ಳಿ’ಯೇ ಹಾಗಾಯಿತೆಂದು ಕೆಲವರು, ದಂಡಿನ ನಕ್ಷೆ ಮಾಡಿದ ಬ್ಲ್ಯಾಕಿಸ್ಟನ್ ಎಂಬ ಅಧಿಕಾರಿಯ ಹೆಸರೆಂದು ಕೆಲವರು ಹೇಳುತ್ತಾರೆ. ತಾತ ಜಟಕಾದ ಹಿಂದೆ ಒಂದು ಮೂಟೆ ಬಿಳಿ ಅಕ್ಕಿ ಇಟ್ಟು ತೀರ್ಪು ಕೊಟ್ಟುಬಿಟ್ಟರು.

ಐದನೆಯದಕ್ಕೆ ನಾನು 1898ರ ಪ್ಲೇಗ್ ಎಂದಾಗ ಮಕ್ಕಳ ಮುಖ ಸಣ್ಣಗಾಯಿತು. “ಕಾಯಿಲೆ ಯಾಕೆ ಬರೀಬೇಕು ಮಿಸ್? ಗೋಡೆ ಚೆನ್ನಾಗಿರಬೇಕಲ್ವಾ?” ಆಗ ಕೊರೊನಾ ಕಾಲದ ಮಾತು ಬಂತು. ಒಬ್ಬೊಬ್ಬರೂ ಮಾಸ್ಕು, ಮುಚ್ಚಿದ ಶಾಲೆ, ಮನೆಯಲ್ಲಿ ಕಳೆದುಕೊಂಡವರನ್ನು ನೆನೆದರು. ಆಗಲೂ ಹೀಗೇ ಆಗಿತ್ತು ಎಂದು ಹೇಳಿದೆ. ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಕಿಕ್ಕಿರಿದ ಕೇರಿಗಳಿಂದ ಜನರನ್ನು ಗಾಳಿ ಬೆಳಕಿನ ಜಾಗಕ್ಕೆ ಕಳಿಸಲೆಂದು ಫ್ರೇಜರ್ ಟೌನಿನಂಥ ಬಡಾವಣೆ ಹುಟ್ಟಿತು. ಮಕ್ಕಳು ತಾವಾಗಿಯೇ ಒಪ್ಪಿದರು. ಬಯಲಿನ ಗುಡಿಸಲು, ಒಲೆಯ ಹೊಗೆ, ಮಗುವಿಗೆ ನೀರು ಕುಡಿಸುವ ತಾಯಿ. ಇಷ್ಟೇ ಆ ಚಿತ್ರ.

ಆರನೆಯದು ಯಾರದು?

ಆರನೆಯದನ್ನು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. 1947ರ ಜುಲೈ 26.

ಆ ದಿನ ಏನಾಯಿತೆಂದು ಬೆಂಗಳೂರಿನ ದೊಡ್ಡವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಇಂಗ್ಲಿಷರು ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಒಂದೇ ಊರಿನಲ್ಲಿ ಎರಡು ಆಡಳಿತ. ಪೇಟೆ ಮಹಾರಾಜರದು, ದಂಡು ಇಂಗ್ಲಿಷರದು. ದೇಶಕ್ಕೆ ಸ್ವಾತಂತ್ರ್ಯ ಬರುವ ಸುಮಾರು ಮೂರು ವಾರ ಮೊದಲು ದಂಡು ಮೈಸೂರಿಗೆ ವಾಪಸು ಬಂತು. 1949ರಲ್ಲಿ ಎರಡೂ ಸೇರಿ ಒಂದೇ ನಗರಸಭೆಯಾಯಿತು. ನಮ್ಮಪ್ಪನಿಗೆ 1947ರಲ್ಲಿ ಇಪ್ಪತ್ತು ವರ್ಷ. ಹಲಸೂರಿನಿಂದ ಪೇಟೆಗೆ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. “ಅವತ್ತು ಸಾಯಂಕಾಲ ಅದೇ ದಾರಿ, ಅದೇ ಮರ. ಆದ್ರೂ ನಮ್ಮೂರಿಗೇ ವಾಪಸ್ ಬರ್ತಿದೀನಿ ಅನ್ನಿಸ್ತು ಕಣಮ್ಮ” ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅಪ್ಪ ನಡೆದು ಬರುವ ಆ ದಾರಿಯನ್ನು ಗೋಡೆಯ ಮೇಲೆ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಯಾದಗಿರಿ ಕಡೆಯ ಹುಡುಗಿ. ಶಾಲೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಅವಳ ತಾಯಿ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುತ್ತಿದ್ದಳು.

“ಮಿಸ್, ನಮ್ಮಪ್ಪ ಕೆ.ಆರ್. ಪುರಂ ಮೆಟ್ರೋ ಕಂಬಕ್ಕ ಕಬ್ಬಣ ಕಟ್ಯಾನ್ರಿ. ಅದು ಇತಿಹಾಸ ಅಲ್ಲೇನ್ರಿ?”

ಕೆಲವರು ಕಿಸಕ್ಕೆಂದರು. ನಾನು ಹಳೆಯ ಮೇಷ್ಟರ ಧಾಟಿಯಲ್ಲಿ, “ಅದು ಈಗ ನಡೆದಿದ್ದಲ್ವಾ ಪುಟ್ಟಿ? ಇತಿಹಾಸ ಅಂದ್ರೆ ಹಳೇ ಕಾಲದ್ದು” ಎಂದುಬಿಟ್ಟೆ. ಅವಳು “ಹೂಂನ್ರಿ” ಎಂದು ಕೂತಳು.

ರಾತ್ರಿ ಊಟ ಮಾಡುತ್ತ ಮೊಮ್ಮಗ ಕೇಳಿದ. “ಅಜ್ಜಿ, 1864ರಲ್ಲಿ ರೈಲು ಬಂದಾಗ ಅದೂ ಹೊಸದೇ ಆಗಿತ್ತಲ್ವಾ? ಆ ಹಳಿ ಹಾಕಿದವರ ಹೆಸರು ನಿನ್ನ ಪುಸ್ತಕದಲ್ಲಿದೆಯಾ?”

ಇಲ್ಲ. ಹಳಿ ಹಾಕಿದವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಅವರ ಮಕ್ಕಳೂ ಒಂದು ದಿನ ಎಲ್ಲೋ ಕೈ ಎತ್ತಿದ್ದಿರಬಹುದು, ಅವರಿಗೂ ಯಾರೋ ‘ಕೂತ್ಕೋ’ ಎಂದಿರಬಹುದು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿಯ ಹತ್ತಿರ ಹೋಗಿ, “ನಿನ್ನೆ ನಾನು ಹೇಳಿದ್ದು ತಪ್ಪು. ನಿಮ್ಮಪ್ಪನ ಕೆಲಸದ ಬಗ್ಗೆ ಎಲ್ಲರಿಗೂ ಹೇಳು” ಎಂದೆ. ಕಬ್ಬಿಣದ ಸರಳುಗಳನ್ನು ನಿಲ್ಲಿಸಿ, ತಂತಿಯಿಂದ ಬಿಗಿದು, ಸುತ್ತ ತಗಡು ಕಟ್ಟಿ ಒಳಗೆ ಕಾಂಕ್ರೀಟು ಸುರಿಯುವುದನ್ನು ಅವಳು ಕೈಯಾಡಿಸುತ್ತ ವಿವರಿಸಿದಳು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಆ ಮಾರ್ಗ 2023ರ ಅಕ್ಟೋಬರ್ 9ರಂದು, ಅಂದರೆ ಮೂರು ತಿಂಗಳ ಹಿಂದೆಯಷ್ಟೇ ತೆರೆದಿತ್ತು. ಮೊದಲ ಸಲ ಆ ರೈಲು ಹತ್ತಿದಾಗ ಅಪ್ಪ ಒಂದೊಂದು ಕಂಬವನ್ನೂ ತೋರಿಸುತ್ತ ಹೋಗಿದ್ದನಂತೆ.

ಕೈ ಎತ್ತಿಸಿ ಮತ ಹಾಕಿಸಿದೆ. ಮೆಟ್ರೋಗೆ 27, ನನ್ನ 1947ಕ್ಕೆ 6. ಆರರಲ್ಲಿ ಒಂದು ನನ್ನ ಮೊಮ್ಮಗನದು. ಅಜ್ಜಿಗೆ ಬೇಜಾರಾದೀತೆಂದು ಎತ್ತಿದ್ದನಂತೆ!

ಒಂದು ಇಂಚಿಗೆ ಒಂದು ಅಡಿ

ಇನ್ನು ಬರೆಯುವ ಕೆಲಸ. ತಾತ ಮೊದಲು ಗೋಡೆಯ ಹಳೆಯ ಬಣ್ಣ ಕೆರೆಸಿದರು. ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದರು. “ಗೋಡೆಯೊಳಗೆ ತೇವ ಇದ್ದರೆ ಎಂಥಾ ಬಣ್ಣಾನೂ ಹಪ್ಪಳದ ಥರ ಏಳುತ್ತೆ” ಎಂದು ನಾಲ್ಕು ದಿನ ಒಣಗಲು ಬಿಟ್ಟರು.

ಆಮೇಲೆ ಚೌಕದ ಲೆಕ್ಕ. ಪ್ರತಿ ಚಿತ್ರವನ್ನೂ ಮೊದಲು 10 ಇಂಚು ಅಗಲ, 6 ಇಂಚು ಎತ್ತರದ ಹಾಳೆಯಲ್ಲಿ ಬರೆದು, ಇಂಚಿಗೊಂದರಂತೆ ಗೆರೆ ಎಳೆದರು. 60 ಚೌಕ ಬಂತು. ಗೋಡೆಯ ಮೇಲೂ 60 ಚೌಕ, ಆದರೆ ಒಂದೊಂದೂ ಒಂದು ಅಡಿಯದು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಟಪ್ ಎಂದು ಗೋಡೆಯ ಮೇಲೆ ನೇರ ಗೆರೆ! ಹಾಳೆಯ ಚೌಕದಲ್ಲಿ ಇರುವುದನ್ನು ಗೋಡೆಯ ಅದೇ ಚೌಕದಲ್ಲಿ ದೊಡ್ಡದಾಗಿ ಬರೆದರೆ ಆಯಿತು. ಇಂಚು ಅಡಿಯಾದರೆ ಚಿತ್ರ 12 ಪಟ್ಟು ದೊಡ್ಡದಾಗುತ್ತದೆ. ಸಿನಿಮಾ ಬ್ಯಾನರುಗಳಲ್ಲಿ ಹೀರೋ ಅಷ್ಟೆತ್ತರ ಬೆಳೆಯುತ್ತಿದ್ದುದೂ ಹೀಗೆಯೇ.

ಅಂಚಿನ ಗೆರೆ ಮತ್ತು ಮುಖಗಳನ್ನು ತಾತ ಬರೆದರು. ಬಣ್ಣ ತುಂಬಿದ್ದು ಮಕ್ಕಳು. ಮಾರ್ಚಿ ಕೊನೆಗೆ ಗೋಡೆ ಮುಗಿಯಿತು. ನನಗೆ ಗೊತ್ತಾಗದಂತೆ ತಾತ ಗೋಡೆಯ ಕೆಳಗಿನ ಪಟ್ಟಿಯಲ್ಲಿ ಎರಡು ಇಂಚಿನ ಅಕ್ಷರದಲ್ಲಿ ‘26-7-1947’ ಎಂದು ಬರೆದು, ಪಕ್ಕದಲ್ಲಿ ಒಂದು ಜೊತೆ ಚಪ್ಪಲಿಯ ಚಿತ್ರ ಬಿಡಿಸಿದ್ದರು. ಅಪ್ಪ ನಡೆದ ದಾರಿಯ ಕಥೆಯನ್ನು ಅವರೂ ಕೇಳಿಸಿಕೊಂಡಿದ್ದರು.

ಒಂದು ಭಾನುವಾರ ಆ ಹುಡುಗಿಯ ಅಪ್ಪ ನೋಡಲು ಬಂದರು. ಕಂಬದ ಮೇಲೆ ಕೂತು ತಂತಿ ಬಿಗಿಯುತ್ತಿರುವ ತಮ್ಮನ್ನೇ ಬಹಳ ಹೊತ್ತು ನೋಡಿ, “ಹೆಲ್ಮೆಟ್ ಹಳದೀ ಅಲ್ರಿ. ನಮ್ಮದು ನೀಲಿ ಇತ್ತು” ಎಂದರು. ತಾತ ಅಲ್ಲೇ ಡಬ್ಬಿ ತೆರೆದು ನೀಲಿ ಹಚ್ಚಿದರು.

ಹೋದ ಹತ್ತು ಅಡಿ

ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಗೋಡೆ ನಮ್ಮ ಬೀದಿಯ ಹೆಮ್ಮೆಯಾಗಿತ್ತು. ಸೊಪ್ಪಿನವಳು ಗಾಡಿ ನಿಲ್ಲಿಸಿ ಮಗನಿಗೆ ರೈಲು ತೋರಿಸುತ್ತಿದ್ದಳು. ಪೂಪಲ್ಲಕ್ಕಿ ನೋಡಲು ಬಂದ ನೆಂಟರನ್ನು ನಾವು ಮೊದಲು ಗೋಡೆಯ ಹತ್ತಿರ ಕರೆದೊಯ್ಯುತ್ತಿದ್ದೆವು.

2025ರ ಜೂನ್‌ನಲ್ಲಿ ಚರಂಡಿ ಕೆಲಸಕ್ಕೆ ಬೀದಿ ಅಗೆದಾಗ ಗೋಡೆಯ ಮೂಲೆ ಕುಸಿಯಿತು. ಹೋಗಿದ್ದು ಸರಿಯಾಗಿ ಕೊನೆಯ ಹತ್ತು ಅಡಿ. ನೀಲಿ ಹೆಲ್ಮೆಟ್ಟಿನ ಚೂರೊಂದು ಮಣ್ಣಿನಲ್ಲಿ ಬಿದ್ದಿತ್ತು. ಮೊಮ್ಮಗ ಅದನ್ನು ಎತ್ತಿಕೊಂಡು ಬಂದು ತನ್ನ ಮೇಜಿನ ಮೇಲೆ ಇಟ್ಟ.

ಗೋಡೆಯನ್ನು ಮತ್ತೆ ಕಟ್ಟಿದರು. ಹತ್ತು ಅಡಿ ಬೂದು ಸಿಮೆಂಟು. “ಮತ್ತೆ ಬರೆಯೋಣ, ಆದ್ರೆ ಆ ಹಾಳೆ ಬೇಕು” ಎಂದರು ತಾತ. ಚೌಕ ಹಾಕಿದ ಹಾಳೆಗಳನ್ನು ಕಥೆ ತಂದ ಮಕ್ಕಳಿಗೇ ಕೊಟ್ಟಿದ್ದೆವು. ಆರನೆಯ ಹಾಳೆ ಯಾದಗಿರಿ ಹುಡುಗಿಯ ಹತ್ತಿರ. ಅವಳು ಹಲಸೂರು ಬಿಟ್ಟು ಎರಡು ತಿಂಗಳಾಗಿತ್ತು. ಅಪ್ಪನಿಗೆ ಹೊರವರ್ತುಲ ರಸ್ತೆಯ ಹೊಸ ಮೆಟ್ರೋ ಮಾರ್ಗದಲ್ಲಿ ಕೆಲಸ ಸಿಕ್ಕಿ, ಮನೆಯೂ ಕೆ.ಆರ್. ಪುರದ ಕಡೆಗೆ ಹೋಗಿತ್ತು.

ಅವಳ ತಾಯಿಯ ಫೋನ್ ನಂಬರು ನಮ್ಮ ಬೀದಿಯ ಒಂದು ಮನೆಯಲ್ಲಿ ಸಿಕ್ಕಿತು. ಒಂದು ಶನಿವಾರ ಮಧ್ಯಾಹ್ನ ನಾನು, ಮೊಮ್ಮಗ ಹಲಸೂರಿನಲ್ಲಿ ಮೆಟ್ರೋ ಹತ್ತಿದೆವು. ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ. ಅದಾದ ಮೇಲೆ ಅವನು ಕಿಟಕಿಗೆ ಮುಖ ಅಂಟಿಸಿ ಕಂಬ ಎಣಿಸಲು ಶುರು ಮಾಡಿದ. ಕೆ.ಆರ್. ಪುರದ ತೂಗುಸೇತುವೆ ಕಂಡಾಗ ಎಣಿಕೆ ತಪ್ಪಿತು.

ಹುಡುಗಿ ಸ್ಟೇಷನ್ನಿನ ಕೆಳಗೆ ಅಮ್ಮನ ಜೊತೆ ಕಾಯುತ್ತಿದ್ದಳು. ಒಂದಿಷ್ಟು ಎತ್ತರವಾಗಿದ್ದಳು. ಗೋಡೆ ಬಿದ್ದ ಸುದ್ದಿ ಕೇಳಿ ಅವಳು ಅಳಲಿಲ್ಲ. “ಎಷ್ಟು ಅಡಿ ಹೋಯ್ತ್ರಿ?” ಎಂದಷ್ಟೇ ಕೇಳಿದಳು. ಹಾಳೆಯನ್ನು ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿ ತಂದಿದ್ದಳು. ಬಿಚ್ಚಿ ತೋರಿಸಿದಳು. 60 ಚೌಕವೂ ಹಾಗೆಯೇ ಇದ್ದವು. ಹೆಲ್ಮೆಟ್ಟನ್ನು ಪೆನ್ಸಿಲಿನಲ್ಲಿ ನೀಲಿ ಮಾಡಿದ್ದಳು.

ಮೊಮ್ಮಗ ಕೈ ಚಾಚಿದ. ಅವಳು ಹಾಳೆಯನ್ನು ಮತ್ತೆ ಸುತ್ತಿ ಎದೆಗೆ ಒತ್ತಿಕೊಂಡಳು.

“ಕೊಡಂಗಿಲ್ರಿ. ನಾನೇ ತರ್ತೀನಿ. ಯಾವತ್ತು ಬರಬೇಕು ಹೇಳ್ರಿ.”

ಸಿಮೆಂಟು ಪೂರ್ತಿ ಒಣಗಬೇಕು, ಮಳೆ ನಿಲ್ಲಬೇಕು. ದೀಪಾವಳಿ ಕಳೆದ ಮೊದಲ ಭಾನುವಾರ ಎಂದು ತಾತ ಹೇಳಿದ್ದಾರೆ. ನೀಲಿ ಬಣ್ಣದ ಡಬ್ಬಿ ತಂದಿಟ್ಟಾಗಿದೆ.

ನಿಮ್ಮ ಬೀದಿಗೂ ಒಂದು ಹಾಳೆ

ಮಕ್ಕಳೇ, ಗೋಡೆ ಇಲ್ಲದಿದ್ದರೂ ಪರವಾಗಿಲ್ಲ. ಈ ಭಾನುವಾರ ಹೀಗೆ ಮಾಡಿ ನೋಡಿ.

1. ಮನೆಯ ಅತ್ಯಂತ ಹಿರಿಯರನ್ನು ಕೇಳಿ: “ನಮ್ಮವರು ಈ ಊರಿಗೆ ಬಂದಿದ್ದು ಯಾವಾಗ? ಯಾಕೆ?” ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.

2. ನಿಮ್ಮ ಬೀದಿಯ ಹೆಸರು ಹೇಗೆ ಬಂತು ಎಂದು ಮೂವರನ್ನು ಕೇಳಿ. ಮೂರು ಬೇರೆ ಬೇರೆ ಉತ್ತರ ಬಂದರೆ ಮೂರನ್ನೂ ಬರೆಯಿರಿ.

3. 10 ಇಂಚು ಅಗಲ, 6 ಇಂಚು ಎತ್ತರದ ಹಾಳೆಯಲ್ಲಿ ಆ ಕಥೆಯ ಒಂದು ಚಿತ್ರ ಬರೆಯಿರಿ. ಇಂಚಿಗೊಂದು ಗೆರೆ ಎಳೆದು 60 ಚೌಕ ಮಾಡಿ.

4. ಬೀದಿಗೆ ಹೊಸದಾಗಿ ಬಂದವರನ್ನೂ ಕೇಳಲು ಮರೆಯಬೇಡಿ.

5. ಹಾಳೆಯನ್ನು ಜೋಪಾನವಾಗಿಡಿ. ಯಾವತ್ತಾದರೂ ಒಂದು ಗೋಡೆ ಸಿಗುತ್ತದೆ.

ಅಜ್ಜ, ಅಜ್ಜಿಯರೇ, ನಿಮಗೂ ಒಂದು ಮಾತು. ಮೊಮ್ಮಕ್ಕಳು ಕೇಳಲಿ ಎಂದು ನನ್ನ ಹಾಗೆ ಕಾಯುತ್ತ ಕೂರಬೇಡಿ. ಅವರೆಕಾಯಿ ಬಿಡಿಸುತ್ತಲೇ ಶುರು ಮಾಡಿ.